ಹನ್ನೊಂದು ಗಂಟೆಯ ಕೆರೆ

"ಕಾಕಾ, ನಾಳೆ ನಸುಕಿನಾಗ ನಿಮ್ಮ ಕಾರು ಖಾಲಿ ಇರ್ತದೇನ್ರಿ?"

ರಾತ್ರಿ ಒಂಬತ್ತೂವರೆಗೆ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ನಮ್ಮ ಗಲ್ಲಿಯ ಹುಡುಗಿ. ಅಜ್ಜ ವಿಜಾಪುರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ನಾಗ್ಪುರಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ಇವಳದು ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಲ್ಯಾಬಿನಲ್ಲಿ ಇಂಗ್ಲಿಷ್. ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ವಿಷಯ ಸಿಹಿನೀರಿನ ಕೆರೆಯ ಪರಿಸರ. ಆಸ್ಪತ್ರೆಗೋ ಸ್ಟೇಷನ್ನಿಗೋ ಇರಬೇಕೆಂದು ಗಾಬರಿಯಲ್ಲಿ "ಯಾರಿಗೇನಾಯ್ತವ್ವಾ?" ಅಂದೆ. "ಯಾರಿಗೂ ಏನೂ ಆಗಿಲ್ಲ ಕಾಕಾ. ಕೆರಿಗೆ ಹೋಗಬೇಕು. ನಾಲ್ಕೂವರೆಗೆ. ಒಬ್ಬಾಕಿನ್ನ ಅಪ್ಪ ಬಿಡವಲ್ರು."

ಯಾವ ಕೆರೆ ಅಂತ ನಾನಿಲ್ಲಿ ಬರೆಯುವುದಿಲ್ಲ. ಅವಳ ಪ್ರಬಂಧ ಇನ್ನೂ ಪರೀಕ್ಷಕರ ಮೇಜಿನ ಮೇಲಿದೆ. ನಾಗ್ಪುರದಲ್ಲಿ ಕೆರೆಗಳಿಗೇನು ಬರವಿಲ್ಲ. ಅಂಬಾಝರಿ, ಫುಟಾಳಾ, ಗಾಂಧಿಸಾಗರ, ಸೋನೆಗಾಂವ್, ಸಕ್ಕರದರಾ, ನಾಯಿಕ್ ತಲಾವ್, ಗೋರೆವಾಡಾ, ಹೀಗೆ ಬೆರಳು ಮಡಚುತ್ತಾ ಹೋಗಬಹುದು. ಕಿತ್ತಳೆಯ ಊರು ಅಂತ ಹೊರಗಿನವರು ಕರೆಯುವ ಇದು ನಿಜಕ್ಕೂ ಕೆರೆಗಳ ಊರು. ಆದರೆ ಕೆರೆ ಇದೆ ಅನ್ನುವುದು ಊರಿಗೆ ನೆನಪಾಗುವುದು ಅದು ಬಾಗಿಲಿಗೆ ಬಂದಾಗ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಸುರಿದ ಮಳೆಗೆ ಅಂಬಾಝರಿ ಉಕ್ಕಿ ಹರಿದು ಮನೆಗಳಿಗೆ ನೀರು ನುಗ್ಗಿದಾಗ, ಹತ್ತಾರು ವರ್ಷ ಅದರ ದಂಡೆಯಲ್ಲಿ ವಾಕಿಂಗ್ ಮಾಡಿದವರೂ ಕೆರೆಯನ್ನು ಮೊದಲ ಸಲ ನೋಡಿದಂತೆ ನೋಡಿದರು.

ಇನ್ನು ಹುಡುಗಿಯ ಕೆಲಸ. ಎರಡು ವರ್ಷ, ತಿಂಗಳಿಗೊಮ್ಮೆ, ಅದೇ ಕೆರೆ, ಅದೇ ನಾಲ್ಕು ಜಾಗ. ನೀರಿನ ತಾಪ ನೋಡು, ಬಿಳಿ-ಕಪ್ಪು ಬಣ್ಣದ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಅಳೆ, ಸಣ್ಣ ಕಣ್ಣಿನ ಬಲೆಯಲ್ಲಿ ನೀರು ಸೋಸಿ ಅದರಲ್ಲಿನ ಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಎಣಿಸು. ಈ ತಟ್ಟೆಗೆ ಸೆಕ್ಕಿ ತಟ್ಟೆ ಅಂತ ಹೆಸರು. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಪಾದ್ರಿ-ಖಗೋಳಜ್ಞ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಇಂಥದನ್ನು ಇಳಿಬಿಟ್ಟಿದ್ದ. ನೂರೈವತ್ತು ವರ್ಷ ದಾಟಿದರೂ ಅದಕ್ಕಿಂತ ಅಗ್ಗದ, ಕೆಡದ ಉಪಕರಣ ಬಂದಿಲ್ಲ. ಇವಳ ಲ್ಯಾಬಿನದಂತೂ ಯಾವನೋ ಹಳೆಯ ವಿದ್ಯಾರ್ಥಿ ತಗಡು ಕತ್ತರಿಸಿ ಪೇಂಟ್ ಬಳಿದು ಮಾಡಿಟ್ಟದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕದ ಅಳತೆ. ಮುನ್ನೂರು ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಸೇರದಂತೆ ನೀರಲ್ಲಿ ಮುಳುಗಿಸಿ ತುಂಬಬೇಕು. ಅಲ್ಲೇ ದಂಡೆಯ ಮೇಲೆ ಕೂತು ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಬೇಕು, ಮುಚ್ಚಳ ಬಿಗಿದು ಮೇಲೆ ಕೆಳಗೆ ತಿರುಗಿಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಮೋಡದಂತೆ ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ. ಮುಂದಿನದ್ದು ಲ್ಯಾಬಿನ ಲೆಕ್ಕ. ಆಮ್ಲ ಹಾಕಿ, ಬ್ಯುರೆಟ್ಟಿನಿಂದ ಹನಿ ಹನಿ ಬಿಟ್ಟು, ಪಿಷ್ಟದ ನೀಲಿ ಬಣ್ಣ ಮಾಯವಾಗುವ ತನಕ ಕಾಯುವುದು. ಈ ವಿಧಾನವನ್ನು 1888ರಲ್ಲಿ ಕಂಡುಹಿಡಿದ ಲಾಯೋಶ್ ವಿಂಕ್ಲರ್ ಆಗ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದ ಹುಡುಗ. ಅಂದರೆ ಜಗತ್ತಿನ ಎಷ್ಟೋ ಸಿಹಿನೀರಿನ ಲ್ಯಾಬುಗಳು ಇವತ್ತಿಗೂ ಮಾಡುವ ಪರೀಕ್ಷೆಯೇ ಒಬ್ಬ ವಿದ್ಯಾರ್ಥಿಯ ಥೀಸಿಸ್ಸು. ಇದನ್ನು ಅವಳು ಹೇಳಿದಾಗ ಅವಳ ಮುಖದಲ್ಲಿ ತನ್ನ ಮನೆತನದ ಹಿರಿಯನೊಬ್ಬನ ಬಗ್ಗೆ ಹೇಳುವ ಹೆಮ್ಮೆ ಇತ್ತು.

ಮನೆತನ ಅಂದೆ. ನನಗೂ ಅದರಲ್ಲಿ ಪಾಲಿದೆ ಅಂತ ಆಮೇಲೆ ಗೊತ್ತಾಯಿತು. ಅವಳ ಉಲ್ಲೇಖಗಳ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಹೊಸಮನಿ ಮತ್ತು ಭಾರತಿ, 1980, ಧಾರವಾಡದ ಕೆರೆ-ಹೊಂಡಗಳು ಎಂಬ ಸಾಲು ಸಿಕ್ಕಿತು. ಧಾರವಾಡದ ನೀರಿನ ಪಾಚಿಯನ್ನು ಎಣಿಸಿ ಬರೆದ ಪ್ರಬಂಧ ನಾಗ್ಪುರದಲ್ಲಿ ಹುಟ್ಟಿದ ಹುಡುಗಿಯ ಬ್ಯಾಗಿನಲ್ಲಿ! ನನಗೆ ಪೇಢೆ ತಿಂದಷ್ಟು ಖುಷಿಯಾಯಿತು. ಅವಳಿಗೇನೂ ಅನ್ನಿಸಲಿಲ್ಲ. "ಎಲ್ಲಾರೂ ಅದನ್ನ ಸೈಟ್ ಮಾಡ್ತಾರ ಕಾಕಾ" ಅಂದಳು.

ಈಗ ನಸುಕಿನ ವಿಷಯಕ್ಕೆ ಬರುತ್ತೇನೆ. ಎರಡು ದಿನ ಸೂರ್ಯ ಕಾಣದೆ ಮೋಡ ಕವಿದುಕೊಂಡಿದ್ದ ಶ್ರಾವಣದಲ್ಲಿ ಆ ಕೆರೆಯಲ್ಲಿ ಮೀನು ಸತ್ತವು. ಒಂದೆರಡಲ್ಲ, ದಂಡೆಯುದ್ದಕ್ಕೂ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿಕೊಂಡು ರೋಹು, ಕಾಟ್ಲಾ. ಕೆರೆಯನ್ನು ಗುತ್ತಿಗೆ ಹಿಡಿದದ್ದು ಢೀವರರ ಸಣ್ಣದೊಂದು ಸಂಘ. ಮರಿ ಬಿಟ್ಟ ಖರ್ಚೂ ಹೋಯಿತು, ಗುತ್ತಿಗೆ ಹಣ ಕಟ್ಟುವುದೂ ಉಳಿಯಿತು. ರಿಯಾಯಿತಿ ಕೊಡಿ, ಕೆರೆಗೆ ಬರುವ ಕೊಳಚೆಯಿಂದ ಹೀಗಾಯಿತು ಅಂತ ಅವರು ಅರ್ಜಿ ಹಾಕಿದರು. ಯಾರೋ ಬಂದು ನೀರು ತುಂಬಿಕೊಂಡು ಹೋದರು. ವರದಿ ಬಂತು: ಆಮ್ಲಜನಕ ಸಾಕಷ್ಟಿದೆ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂ ಇರಬೇಕೆನ್ನುವುದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ವರದಿಯಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ಹಾಗಾದರೆ ಮೀನು ಸತ್ತದ್ದೇಕೆ? ಇವರೇ ಏನೋ ಮಾಡಿಕೊಂಡಿರಬೇಕು, ಇಲ್ಲವೇ ಅಳತೆ ಮೀರಿ ಮರಿ ಬಿಟ್ಟಿರಬೇಕು. ಅರ್ಜಿ ಮೂಲೆ ಸೇರಿತು.

ನಮ್ಮ ಹುಡುಗಿಯ ಸಂಕಟ ಬೇರೆ. ಅದೇ ವಾರ ಅವಳೂ ತನ್ನ ತಿಂಗಳ ಅಳತೆ ಮಾಡಿದ್ದಳು. ಅವಳ ಅಂಕಿಯೂ ಅದನ್ನೇ ಹೇಳುತ್ತಿತ್ತು. ಯಾರೋ ವಿಭಾಗಕ್ಕೆ ಫೋನ್ ಮಾಡಿ ಕೇಳಿದಾಗ ಅದನ್ನು ಕೊಟ್ಟದ್ದೂ ಆಗಿತ್ತು. "ನಾ ಸುಳ್ಳು ಹೇಳಿಲ್ಲ ಕಾಕಾ, ಮೂರು ಸರ್ತಿ ಟೈಟ್ರೇಟ್ ಮಾಡೀನಿ. ಆದ್ರ ನನ್ನ ನಂಬರ್ ಅವರ ವಿರುದ್ಧ ಸಾಕ್ಷಿ ಆತು." ಮುಂದಿನ ತಿಂಗಳು ದಂಡೆಯಲ್ಲಿ ಸಿಕ್ಕ ಹಿರಿಯ ಮೀನುಗಾರ ಬೈಯಲಿಲ್ಲವಂತೆ. ಅವಳ ಬಾಟಲಿಗಳನ್ನು ನೋಡಿ ಇಷ್ಟೇ ಅಂದನಂತೆ: "ಪಹಾಟೆ ಯಾ ತಾಈ, ಮಂಗ ಪಾಹಾ." ನಸುಕಿಗೆ ಬಾರವ್ವ ತಂಗಿ, ಆಗ ನೋಡು.

ಮೀನು ಬಾಯಿ ಮೇಲೆ ಮಾಡಿ ಗುಟುಕು ಗುಟುಕು ಗಾಳಿ ಹೀರುವುದು ಸೂರ್ಯ ಹುಟ್ಟುವ ಮುಂಚೆ. ಇದು ಅವನಿಗೆ ಗೊತ್ತು, ಅವನಪ್ಪನಿಗೂ ಗೊತ್ತಿತ್ತು. ಪಠ್ಯಪುಸ್ತಕಕ್ಕೂ ಗೊತ್ತು. ಕೊಳಚೆ ಸೇರಿದ ಕೆರೆಯಲ್ಲಿ ಪಾಚಿಗೆ ಹಬ್ಬದೂಟ. ಹಗಲಲ್ಲಿ ಬಿಸಿಲು ಬಿದ್ದಾಗ ಆ ಪಾಚಿ ಆಮ್ಲಜನಕವನ್ನು ಯಥೇಚ್ಛ ಬಿಡುತ್ತದೆ. ರಾತ್ರಿ ಅದೇ ಪಾಚಿ, ತಳದ ರಾಡಿಯ ಬ್ಯಾಕ್ಟೀರಿಯಾ, ಮೀನು ಎಲ್ಲ ಸೇರಿ ಅದನ್ನು ಉಸಿರಾಡಿ ಖಾಲಿ ಮಾಡುತ್ತವೆ. ಹಗಲು ಮೋಡ ಕವಿದರೆ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಬೇಸಿಗೆಯಲ್ಲಿ ಇನ್ನೂ ಕಷ್ಟ, ಬಿಸಿನೀರು ಆಮ್ಲಜನಕವನ್ನು ಹಿಡಿದುಕೊಳ್ಳುವುದೇ ಕಡಿಮೆ. 1956ರಲ್ಲೇ ಎಚ್.ಟಿ. ಓಡಮ್ ಎಂಬ ಅಮೆರಿಕದ ವಿಜ್ಞಾನಿ ಹಗಲು ರಾತ್ರಿಯ ಈ ಏರಿಳಿತದಿಂದಲೇ ಹರಿಯುವ ನೀರಿನ ಜೀವವ್ಯವಹಾರವನ್ನು ಲೆಕ್ಕಹಾಕುವುದು ಹೇಗೆಂದು ತೋರಿಸಿದ್ದ. ಎಂ.ಎಸ್ಸಿ. ಪರೀಕ್ಷೆಗೆ ಇದರ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಬರುತ್ತದಂತೆ, ಇವಳು ಬರೆದು ಪೂರ್ತಿ ಮಾರ್ಕ್ಸೂ ತೆಗೆದುಕೊಂಡಿದ್ದಳು.

ಮತ್ತೆ ಅಳತೆ ಮಾತ್ರ ಹನ್ನೊಂದಕ್ಕೆ ಯಾಕೆ? ಕೇಳಿದೆ. ಉತ್ತರ ಸರಳ. ವಿಭಾಗದ ಬೀಗ ತೆಗೆಯುವುದು ಹತ್ತಕ್ಕೆ. ಬಾಟಲಿ, ರಾಸಾಯನಿಕ ಬುಟ್ಟಿಗೆ ಹಾಕಿಕೊಂಡು ಸ್ಕೂಟಿಯಲ್ಲಿ ಕೆರೆ ಮುಟ್ಟುವ ಹೊತ್ತಿಗೆ ಹನ್ನೊಂದು. ಒಂದು ಗಂಟೆಯೊಳಗೆ ಮರಳಿದರೆ ಲ್ಯಾಬ್ ಮುಚ್ಚುವ ಮೊದಲು ಟೈಟ್ರೇಷನ್ ಮುಗಿಯುತ್ತದೆ. ತಟ್ಟೆ ಇಳಿಬಿಡಲು ಬಿಸಿಲೂ ಬೇಕು. ಪ್ರತಿ ತಿಂಗಳೂ ಒಂದೇ ಹೊತ್ತಿಗೆ ಅಳೆದರೆ ತಿಂಗಳಿಗೆ ತಿಂಗಳನ್ನು ಹೋಲಿಸಬಹುದು, ಇದೂ ಸರಿಯೇ. ಅದರ ಮೇಲೆ ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಕೆರೆಗೆ ಕಳಿಸುವ ಜವಾಬ್ದಾರಿ ಯಾವ ಮಾರ್ಗದರ್ಶಕರು ಹೊತ್ತಾರು? ಯಾರದೂ ತಪ್ಪಿಲ್ಲ ನೋಡಿ. ಯಾರದೂ ತಪ್ಪಿಲ್ಲದೆಯೇ, ಆ ಬೀಗದ ಕೈ ಹಿಡಿದ ಜವಾನನ ಡ್ಯೂಟಿ ಟೈಮು ಒಂದು ಕೆರೆಯ ಇತಿಹಾಸವನ್ನು ಬರೆಯುತ್ತಿತ್ತು.

ಹನ್ನೊಂದರ ಅಳತೆ ಅರ್ಧ ಸತ್ಯ ಅಂತಷ್ಟೇ ಆಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. 25 ಡಿಗ್ರಿ ತಾಪದ ಶುದ್ಧ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಹಸಿರುಗಟ್ಟಿದ ಕೆರೆ ಬಿಸಿಲೇರಿದ ಮೇಲೆ ಅದನ್ನೂ ಮೀರಿ ಹೋಗಬಲ್ಲದು. ಅಂದರೆ ಕೊಳೆ ಹೆಚ್ಚಾದಷ್ಟೂ ಹಗಲಿನ ಮಾರ್ಕ್ಸು ಹೆಚ್ಚು! ತಿಳಿನೀರಿನ ಕೆರೆಯ ಪಕ್ಕ ಇಟ್ಟರೆ ಸಾಯುತ್ತಿರುವ ಕೆರೆಯೇ ಮೊದಲ ರ್‍ಯಾಂಕು ಹೊಡೆದೀತು.

ನಮ್ಮವರು ಹೊತ್ತು-ದಿನಗಳ ಬಗ್ಗೆ ತಲೆ ಕೆಡಿಸಿಕೊಂಡಿಲ್ಲವೆಂದಲ್ಲ. ಕೊಳಚೆ ನೀರಿಗೆ ಬಿ.ಓ.ಡಿ. ಅಂತ ಒಂದು ಪರೀಕ್ಷೆ ಇದೆ, ನೀರಿನ ಹೊಲಸನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾದೀತು ಅನ್ನುವ ಅಳತೆ. ಬಾಟಲಿಯನ್ನು ಐದು ದಿನ ಕತ್ತಲಲ್ಲಿ ಇಟ್ಟು ನೋಡಬೇಕೆನ್ನುವುದು ಇಂಗ್ಲೆಂಡಿನ ಕೊಳಚೆ ವಿಲೇವಾರಿ ರಾಯಲ್ ಕಮಿಷನ್ 1912ರಲ್ಲಿ ಹಾಕಿಕೊಟ್ಟ ಪದ್ಧತಿ. ಅಲ್ಲಿಯ ನದಿಗಳ ನೀರು ಐದು ದಿನದೊಳಗೆ ಸಮುದ್ರ ಸೇರುತ್ತದೆ ಎಂಬುದು ಅದರ ಹಿಂದಿನ ಲೆಕ್ಕವಂತೆ. ನಮ್ಮ ನಾಗ್ ನದಿಯ ನೀರು ಕನ್ಹಾನ್ ಸೇರಿ, ವೈನ್‌ಗಂಗಾ ಸೇರಿ, ಪ್ರಾಣಹಿತಾ ಆಗಿ, ಗೋದಾವರಿಯಾಗಿ ಬಂಗಾಳ ಕೊಲ್ಲಿ ಮುಟ್ಟುವುದನ್ನು ಅವರು ನೋಡಿದ್ದರೆ ಏನನ್ನುತ್ತಿದ್ದರೋ! ಇರಲಿ. ನಮ್ಮ ಸೆಕೆಗೆ ಅವರ ತಣ್ಣನೆಯ ಐದು ದಿನ ಹೊಂದುವುದಿಲ್ಲವೆಂದು ಭಾರತೀಯ ಮಾನಕದಲ್ಲಿ ಅದನ್ನು 27 ಡಿಗ್ರಿಯಲ್ಲಿ ಮೂರು ದಿನ ಎಂದು ಬದಲಿಸಿಕೊಂಡಿದ್ದೇವೆ. ಇಂಥ ಕೆಲಸಕ್ಕೆಂದೇ 1958ರಲ್ಲಿ ಶುರುವಾಗಿ, ಈಗ ನೀರಿ ಎಂದು ಹೆಸರಾದ ರಾಷ್ಟ್ರೀಯ ಸಂಸ್ಥೆ ಇರುವುದೂ ಇದೇ ನಾಗ್ಪುರದಲ್ಲಿ. ಬಾಟಲಿ ಎಷ್ಟು ದಿನ ಇಡಬೇಕೆಂದು ಯೋಚಿಸಿದೆವು. ಅದನ್ನು ತುಂಬಲು ಎಷ್ಟು ಹೊತ್ತಿಗೆ ಏಳಬೇಕೆಂದು ಮಾತ್ರ ಲ್ಯಾಬಿನ ಬೀಗಕ್ಕೆ ಬಿಟ್ಟೆವು.

ಮೊದಲ ನಸುಕಿಗೆ ನಾವು ಹೋದದ್ದು ಅವಳ ತಂದೆಯ ಟಾರ್ಚು, ನನ್ನ ಹಳೆಯ ಕಾರು, ನನ್ನಾಕೆ ಕಟ್ಟಿಕೊಟ್ಟ ಚಹಾದ ಥರ್ಮಾಸಿನೊಂದಿಗೆ. ಬೀದಿನಾಯಿಗಳ ಸ್ವಾಗತ ಮುಗಿದ ಮೇಲೆ ದಂಡೆ ನಿಶ್ಶಬ್ದವಾಯಿತು. ಟಾರ್ಚು ಬಿಟ್ಟರೆ ನೀರಿನ ಮೇಲೆಲ್ಲ ಮಳೆಹನಿ ಬಿದ್ದಂತೆ ವೃತ್ತಗಳು. ಮಳೆ ಇರಲಿಲ್ಲ. ಮೀನಿನ ಬಾಯಿಗಳು. ಅವಳು ಮಂಡಿಯುದ್ದ ನೀರಲ್ಲಿ ನಿಂತು ಬಾಟಲಿ ಮುಳುಗಿಸಿದಳು, ದಂಡೆಗೆ ಬಂದು ಎರಡೂ ದ್ರಾವಣ ಹಾಕಿ ಮೇಲೆ ಕೆಳಗೆ ಮಾಡಿ ಟಾರ್ಚಿನ ಮುಂದೆ ಹಿಡಿದಳು. ನನಗೆ ಬಾಟಲಿಯಲ್ಲಿ ಕಾಣಿಸಿದ್ದು ಹಾಲು ಒಡೆದಂಥ ಬಿಳಿ. ಅವಳು ಮಾತಾಡಲಿಲ್ಲ. ಮತ್ತೊಂದು ಬಾಟಲಿ ತುಂಬಿದಳು. ಅದೂ ಬಿಳಿ. ಮೂರನೆಯದರ ಅಂಚಿನಲ್ಲಿ ಒಂದಿಷ್ಟು ಕೆನೆ ಬಣ್ಣ. "ಕಾಕಾ, ಇದನ್ನ ನಾ ಬುಕ್ಕಿನಾಗ ಮಾತ್ರ ನೋಡಿದ್ದೆ" ಅಂದಳು.

ಮಾರ್ಗದರ್ಶಕರು ಮೊದಲು ಒಪ್ಪಲಿಲ್ಲ. ಮಂಜೂರಾದ ವಿಧಾನ ಹನ್ನೊಂದು ಗಂಟೆಯದು, ಒಂದೆರಡು ನಸುಕಿನ ಅಂಕಿಗಳಿಂದ ಏನೂ ಸಿದ್ಧವಾಗುವುದಿಲ್ಲ, ಬೇಕಾದರೆ ಅನುಬಂಧದಲ್ಲಿ ಹಾಕು ಅಂದರಂತೆ. ಅವರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಇವಳು ವಾದ ಮಾಡದೆ ಪ್ರತಿ ತಿಂಗಳೂ ನಸುಕಿಗೆ ಹೋಗತೊಡಗಿದಳು. ಚಾಲಕ ನಾನೇ. ಡಿಸೆಂಬರಿನಲ್ಲಿ ಮಫ್ಲರ್ ಸುತ್ತಿಕೊಂಡು ಹೋದಾಗ ಬಾಟಲಿ ತೆಳು ಕಂದು ಇರುತ್ತಿತ್ತು, ತಣ್ಣನೆಯ ನೀರಿನ ಕೃಪೆ. ಏಪ್ರಿಲ್ ಹೊತ್ತಿಗೆ ಮತ್ತೆ ಬಿಳಿಯತ್ತ ಹೊರಳಿತು. ನಾಗ್ಪುರದ ಬಿಸಿಲು ನಮ್ಮನ್ನಷ್ಟೇ ಸುಡುತ್ತದೆ ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಒಂದು ದಿನ ಮಾರ್ಗದರ್ಶಕರೇ ಫೋನ್ ಮಾಡಿ, ಇಡೀ ಇಪ್ಪತ್ನಾಲ್ಕು ಗಂಟೆ ಅಳೆಯೋಣ, ಇಡೀ ಲ್ಯಾಬ್ ಬರುತ್ತದೆ, ನೀವೂ ಬನ್ನಿ ಅಂದರು. ಐದು ಜನ ಹುಡುಗ ಹುಡುಗಿಯರು, ಒಂದು ತಾಡಪತ್ರಿ, ಮೀನುಗಾರರ ಡೋಣಿ, ಟಪರಿಯಿಂದ ತರ್‍ರಿ-ಪೋಹಾ. ರಾತ್ರಿ ಗಸ್ತಿನ ಪೊಲೀಸರು ಬಂದು ವಿಚಾರಿಸಿ, ಬಾಟಲಿಗಳನ್ನು ಮೂಸಿ ನೋಡಿ, ಪ್ರೊಫೆಸರರ ಗುರುತಿನ ಚೀಟಿ ನೋಡಿ ನಕ್ಕು ಹೋದರು. ಮೂರು ಗಂಟೆಗೊಮ್ಮೆ ನೀರು ತೆಗೆದು ಬಾಟಲಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಮಧ್ಯಾಹ್ನ ಹನ್ನೆರಡರದು ಕಾಫಿ ಡಿಕಾಕ್ಷನ್ನಿನಂಥ ಕಂದು. ಮೂರರದು ಇನ್ನೂ ಗಾಢ. ಆರರದೂ ಹಾಗೇ. ಒಂಬತ್ತಕ್ಕೆ ತೆಳುವಾಯಿತು. ನಡುರಾತ್ರಿಯದು ಹಾಲು ಜಾಸ್ತಿಯಾದ ಚಹಾ. ಮೂರಕ್ಕೆ ಕೆನೆ. ಆಗಿನ್ನೂ ಸೂರ್ಯ ಹುಟ್ಟಿರಲಿಲ್ಲ, ಐದೂಕಾಲಿಗೆಂದೇ ಬೇರೆಯಾಗಿ ಒಂದು ತೆಗೆದರು, ಅದು ಬಿಳಿ. ಬೆಳಿಗ್ಗೆ ಒಂಬತ್ತಕ್ಕೆ ಬಣ್ಣ ಮರಳಿ ಬರತೊಡಗಿತ್ತು. ಹನ್ನೊಂದಕ್ಕೆ, ಹಳೆಯ ಅಭ್ಯಾಸ, ಒಂದು ಬಾಟಲಿ ತೆಗೆದರು. ಕಂದು. ಏನೂ ಆಗೇ ಇಲ್ಲವೆನ್ನುವ ಹಾಗೆ.

ಆ ಸಾಲಿನ ಮುಂದೆ ಮಾರ್ಗದರ್ಶಕರು ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ರಾತ್ರಿಯಿಡೀ ನಿದ್ದೆ ಇಲ್ಲ. ಆಮೇಲೆ ಹಿಂದಿಯಲ್ಲಿ, ಯಾರನ್ನೂ ನೋಡದೆ, "ನನ್ನ ಪಿಎಚ್.ಡಿ.ಯಲ್ಲೂ ನಾನು ಹನ್ನೊಂದಕ್ಕೇ ಅಳೆದದ್ದು" ಅಂದರು. ಆ ಪ್ರಬಂಧ ಬೇರೊಂದು ಕೆರೆಯದು. ಅದರ ಸಾರಾಂಶದಲ್ಲಿ ಆ ಕೆರೆ ಮೀನುಗಾರಿಕೆಗೆ ಯೋಗ್ಯ ಅಂತ ಬರೆದಿದೆಯಂತೆ.

ಈ ಅಂಕಣ ಓದುವ ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಹೈದರಾಬಾದಲ್ಲೋ ಇದ್ದೀರಿ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಗಟ್ಟಲೆ ಮೀನು ಸತ್ತು ತೇಲಿದ ಫೋಟೋಗಳು ನಿಮ್ಮ ನೆನಪಿನಲ್ಲಿರಬಹುದು. ಬೆಳ್ಳಂದೂರಿನ ನೊರೆಯಂತೂ ಜಗತ್ತೇ ನೋಡಿತು. ನೊರೆಗೆ, ಬೆಂಕಿಗೆ ಹೊತ್ತಿನ ಹಂಗಿಲ್ಲ, ಎಷ್ಟು ಗಂಟೆಗೆ ಹೋದರೂ ಕಾಣುತ್ತವೆ. ಉಸಿರುಗಟ್ಟುವುದು ಹಾಗಲ್ಲ. ನಿಮ್ಮ ಬಡಾವಣೆಯ ಕೆರೆಯ ವರದಿ ಎಲ್ಲಾದರೂ ಕೈಗೆ ಸಿಕ್ಕರೆ ಆಮ್ಲಜನಕದ ಅಂಕಿಯ ಪಕ್ಕದಲ್ಲಿ ಗಂಟೆ ಬರೆದಿದೆಯೇ ನೋಡಿ. ನಾನಂತೂ ಈಗ ಅದನ್ನೇ ಮೊದಲು ಹುಡುಕುತ್ತೇನೆ, ಔಷಧದ ಪಟ್ಟಿಯ ಮೇಲೆ ತಾರೀಕು ಹುಡುಕಿದ ಹಾಗೆ.

ಪ್ರಬಂಧದಲ್ಲಿ ನಸುಕಿನ ಅಂಕಿಗಳು ಅನುಬಂಧಕ್ಕೆ ಹೋಗಲಿಲ್ಲ, ಪೂರ್ತಿ ಒಂದು ಅಧ್ಯಾಯವಾದವು. ಕೃತಜ್ಞತೆಯ ಪುಟದಲ್ಲಿ ಮೀನುಗಾರರ ಸಂಘದ ಹೆಸರಿದೆ. ನನ್ನ ಹೆಸರೂ ಇದೆ, ಕಾಗುಣಿತ ತಪ್ಪಾಗಿದೆ. ಪ್ರಬಂಧ ಸಲ್ಲಿಸುವ ಮುಂಚೆ ಅವಳು ಇಪ್ಪತ್ನಾಲ್ಕು ಗಂಟೆಯ ಗ್ರಾಫನ್ನು ಮರಾಠಿಯಲ್ಲಿ ಬರೆದು, ಕೆಳಗೆ ಮಾರ್ಗದರ್ಶಕರ ಸಹಿ ಹಾಕಿಸಿ, ಆ ಹಿರಿಯ ಮೀನುಗಾರನ ಕೈಗೆ ಕೊಟ್ಟಳು. ಅವನು ಅದನ್ನು ಹಳೆಯ ಅರ್ಜಿಗೆ ಪಿನ್ನು ಹಾಕಿ ಮತ್ತೆ ಕೊಟ್ಟು ಬಂದಿದ್ದಾನೆ. ಈಗಲೂ ಅದು ಟಪ್ಪಾಲಿನಲ್ಲೇ ಇದೆ. ಆದರೆ ಕೊಟ್ಟ ದಿನ ಕೌಂಟರಿನ ಗುಮಾಸ್ತ ಗ್ರಾಫ್ ತಿರುಗಿಸಿ ಮುರುಗಿಸಿ ನೋಡಿ, ರಾತ್ರಿ ಹೊತ್ತಲ್ಲಿ ಯಾರು ಹೋಗಿ ಇದನ್ನು ಅಳೆದರು ಅಂತ ಕೇಳಿದನಂತೆ.

ಮೊನ್ನೆ ಭಾನುವಾರ ಹುಡುಗಿ ಮನೆಗೆ ಬಂದಿದ್ದಳು, ಜೊತೆಗೆ ಚಂದ್ರಪುರ ಕಡೆಯ ಒಬ್ಬ ಹುಡುಗ, ಲ್ಯಾಬಿಗೆ ಈ ವರ್ಷ ಸೇರಿದವನು. ಸ್ವಂತ ಬೈಕಿದೆ, ಕಾರು ಬೇಕಿಲ್ಲವಂತೆ. ಆ ದೊಡ್ಡ ಥರ್ಮಾಸ್ ಇದೆಯಲ್ಲ, ಅದನ್ನು ತಿಂಗಳಿಗೊಂದು ದಿನ ಕೊಡುತ್ತೀರಾ ಅಂತ ಕೇಳಿದ.